ಬಿರುಕಿಗೂ ಒಂದು ರೇಟು

ಹೊಸ ಎಲೆಕ್ಟ್ರಿಕ್ ಗಿಟಾರಿನ ಮೈಮೇಲೆ ಬೇಕಂತಲೇ ಬಿರುಕು ಮೂಡಿಸುವುದು, ಅಂಚಿನ ಬಣ್ಣ ಕೆರೆಯುವುದು, ತಿರುಪು ಮೊಳೆಗಳಿಗೆ ತುಕ್ಕು ಹಿಡಿಸುವುದು, ಆಮೇಲೆ ಇಷ್ಟೆಲ್ಲ ಕೆಡಿಸಿದ್ದಕ್ಕೆ ಹೆಚ್ಚಿನ ಬೆಲೆ ಕೇಳುವುದು. ಇಂಥದೊಂದು ವ್ಯಾಪಾರ ಮೂವತ್ತು ವರ್ಷಗಳಿಂದ ಜೋರಾಗಿ ನಡೆದಿದೆ. ಇಂಥ ಗಿಟಾರಿಗೆ ‘ರೆಲಿಕ್’ ಎಂದು ಹೆಸರು. ಸಂತರ ಎಲುಬು, ಹಲ್ಲು, ಬಟ್ಟೆಯ ಚೂರನ್ನು ಚರ್ಚುಗಳಲ್ಲಿ ಕಾದಿಡುವಾಗ ಬಳಸುವ ಪದವೇ ಇದು. ಸಂತ ಬದುಕಿ ಸಾಯುವ ತನಕ ಕಾಯಬೇಕಾದ ತಾಪತ್ರಯ ಇಲ್ಲಿಲ್ಲ, ಅಷ್ಟೇ ವ್ಯತ್ಯಾಸ.

ಬಿಜಾಪುರ ಸೀಮೆಯ ಭಜನಾ ಮೇಳಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವವಳಿಗೆ ಇದರ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಉಸಾಬರಿ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ನಾನು ಓಡಾಡುತ್ತಿರುವುದು ಹಾಡಿನ ಬೆನ್ನು ಹತ್ತಿ. (ಈ ನಾಲ್ಕೂ ಈಗ ಒಡೆದು ಚಡಚಣ, ಆಲಮೇಲ, ತಾಳಿಕೋಟಿ, ಕೊಲ್ಹಾರ, ನಿಡಗುಂದಿ ಎಂದು ಹೊಸ ತಾಲೂಕುಗಳಾಗಿವೆ. ಮಂದಿಯ ಬಾಯಲ್ಲಿ ಇನ್ನೂ ಹಳೆಯ ಲೆಕ್ಕವೇ ನಡೆದಿದೆ, ನನ್ನದೂ ಅದೇ.) ಹಾಡಿನ ಬೆನ್ನು ಹತ್ತಿದವಳಿಗೆ ಅಲ್ಲಿ ಎದುರಾದದ್ದು ಅಮೆರಿಕದ ಆ ಗಿಟಾರಿನ ರುಚಿಯೇ. ಅದು ನಮ್ಮ ಜಾನಪದದ ವೇದಿಕೆಗಳಲ್ಲಿ, ಪುಸ್ತಕದ ಮುಖಪುಟಗಳಲ್ಲಿ, ಸಂಶೋಧಕರ ಕ್ಯಾಮೆರಾಗಳಲ್ಲಿ ಬಂದು ಕೂತಿದೆ. ಮೊದಲು ಗಿಟಾರಿನ ಕತೆ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಎಲ್ಲವೂ ನಾಚಿಕೆಯಿಲ್ಲದೆ ಬಯಲಿನಲ್ಲೇ ನಡೆಯುತ್ತದೆ.

1950–60ರ ದಶಕದ ಅಮೆರಿಕನ್ ಗಿಟಾರುಗಳಿಗೆ ಬಳಿಯುತ್ತಿದ್ದದ್ದು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಆ ಕಾಲದಲ್ಲಿ ಕಾರುಗಳಿಗೆ ಬಳಿಯುತ್ತಿದ್ದ ಬಣ್ಣದ ಜಾತಿಯದು. ಬೇಗ ಒಣಗುತ್ತದೆ, ತೆಳ್ಳಗೆ ಕೂರುತ್ತದೆ, ಚೆನ್ನಾಗಿ ಹೊಳೆಯುತ್ತದೆ. ಆದರೆ ಅದನ್ನು ಮೆತ್ತಗಿಡುವ ಅಂಶ ವರ್ಷ ಕಳೆದಂತೆ ಆರಿಹೋಗಿ ಪದರ ಪೆಡಸಾಗುತ್ತದೆ. ಒಳಗಿನ ಮರ ಮಾತ್ರ ಸುಮ್ಮನಿರುವುದಿಲ್ಲ. ತೇವಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಮರದ ಜೊತೆ ಬಗ್ಗಲಾರದ ಲ್ಯಾಕರ್ ಸೀಳುತ್ತದೆ. ಚಳಿಗಾಲದ ರಾತ್ರಿ ಕಾರಿನಲ್ಲೇ ಬಿಟ್ಟ ಗಿಟಾರನ್ನು ಬೆಚ್ಚಗಿನ ಕೋಣೆಗೆ ತಂದು ಪೆಟ್ಟಿಗೆ ತೆರೆದರೆ ಕಣ್ಣೆದುರೇ ಕೂದಲೆಳೆಯಂಥ ಗೆರೆಗಳು ಹರಿದಾಡುವುದುಂಟು. ಆಗಿನ ತಯಾರಕರಿಗೆ ಇದೊಂದು ದೋಷವಾಗಿತ್ತು. ಮುಂದೆ ಬಂದ ಪಾಲಿಯೆಸ್ಟರ್, ಪಾಲಿಯುರೆಥೇನ್ ಲೇಪಗಳು ದಪ್ಪ, ಗಟ್ಟಿ. ಹೀಗೆ ಸುಲಭಕ್ಕೆ ಬಿರಿಯುವುದಿಲ್ಲ. ತೊಂದರೆ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. 1995ರಲ್ಲಿ ಫೆಂಡರ್ ಕಂಪನಿಯ ಕಸ್ಟಮ್ ಶಾಪ್ ‘ರೆಲಿಕ್’ ಎಂಬ ಹೆಸರಿನಲ್ಲೇ ಗಿಟಾರು ಬಿಟ್ಟಿತು. ವಿನ್ಸ್ ಕುನೆಟ್ಟೊ ಎಂಬ ಕುಶಲಕರ್ಮಿಯ ಕೈಯಲ್ಲಿ ಆ ಮೊದಲ ವರ್ಷಗಳ ಗಿಟಾರುಗಳು ಹುಟ್ಟುತ್ತಲೇ ಮುಪ್ಪಾದವು. ಮುಂದೆ ಮುಪ್ಪಿಗೂ ದರ್ಜೆಗಳು ಬಂದವು. ಅಂಗಡಿಯಿಂದ ಆಚೆಯೇ ಹೋಗದಂತೆ ಕಾಣುವುದು ಒಂದು, ಅಲಮಾರಿನಲ್ಲಿ ಮರೆತುಹೋದಂತೆ ಕಾಣುವುದು ಇನ್ನೊಂದು, ಊರೂರು ಅಲೆದು ಸೋತಂತೆ ಕಾಣುವುದು ಮತ್ತೊಂದು. ಕೆಲವು ವರ್ಷಗಳ ಹಿಂದೆ ಗಿಬ್ಸನ್ ಕಂಪನಿ ಟಾಮ್ ಮರ್ಫಿಯ ಹೆಸರಿನಲ್ಲಿ ‘ಮರ್ಫಿ ಲ್ಯಾಬ್’ ತೆರೆದು ಅಲ್ಟ್ರಾ ಲೈಟ್, ಲೈಟ್, ಹೆವಿ, ಅಲ್ಟ್ರಾ ಹೆವಿ ಎಂದು ನಾಲ್ಕು ಹದ ಮಾಡಿತು. ಚಹಾದಂಗಡಿಯಲ್ಲಿ ‘ಸಕ್ಕರಿ ಕಡಿಮಿ’ ಎಂದು ಹೇಳುವಂತೆ ಬಿರುಕು ಎಷ್ಟಿರಲಿ ಎಂದು ಹೇಳಬಹುದು. ದುಡ್ಡು ಸಾಲದವರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಧೂಳು ಊದುವ ಸ್ಪ್ರೇ ಡಬ್ಬಿಯನ್ನು ತಲೆಕೆಳಗೆ ಹಿಡಿದು ಲ್ಯಾಕರನ್ನು ಹೆಪ್ಪುಗಟ್ಟಿಸಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಕೊಟ್ಟರೆ ಮೂವತ್ತು ಚಳಿಗಾಲಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಅದೂ ಆಗದವರು ಬ್ಲೇಡಿನಿಂದ ಗೀರುತ್ತಾರೆ.

ಆ 1995ರ ಜೂನ್ ತಿಂಗಳಲ್ಲೇ ಐರ್ಲೆಂಡಿನ ರೋರಿ ಗ್ಯಾಲಗರ್ ತೀರಿಕೊಂಡ. ಅವನ 1961ರ ಸ್ಟ್ರಾಟೊಕ್ಯಾಸ್ಟರ್ ಗಿಟಾರನ್ನು ನೋಡಿದವರು ಮರೆಯುವುದಿಲ್ಲ. ಬಣ್ಣ ಬಹುಪಾಲು ಹಾರಿಹೋಗಿ ಬರೀ ಮರ ಉಳಿದಿತ್ತು. 1963ರಲ್ಲಿ ಕಾರ್ಕ್ ಪಟ್ಟಣದಲ್ಲಿ ಸಾಲ ಮಾಡಿ ಕೊಂಡದ್ದು. ಒಮ್ಮೆ ಕಳುವಾಗಿ ಮಳೆಯಲ್ಲಿ ಬಿದ್ದಿದ್ದು ಸಿಕ್ಕಿತು. ಉಳಿದದ್ದೆಲ್ಲ ಅವನ ಬೆವರಿನ ಕೆಲಸ. ಅವನು ಸತ್ತ ಮೇಲೆ ಫೆಂಡರ್ ಆ ಗಿಟಾರಿನ ಒಂದೊಂದು ಸವಕಳಿಯನ್ನೂ ನಕಲು ಮಾಡಿ ಮಾರಾಟಕ್ಕಿಟ್ಟಿತು. ಮೂಲ ಗಿಟಾರು 2024ರಲ್ಲಿ ಲಂಡನ್ನಿನಲ್ಲಿ ಹರಾಜಾಗಿ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪಾಲಾಯಿತು. ಅದು ಅಲ್ಲಿರುವುದರ ಬಗ್ಗೆ ನನ್ನ ತಕರಾರಿಲ್ಲ. ಒಬ್ಬ ಮನುಷ್ಯ ದುಡಿದದ್ದಕ್ಕೆ ಅದು ಸಾಕ್ಷಿ. ನನ್ನ ತಕರಾರಿರುವುದು ಅವನ ಬೆವರಿನ ನಕಾಶೆಯನ್ನು ಅಚ್ಚು ತೆಗೆದು, ಎಂದೂ ಬೆವರದವರ ಗೋಡೆಗೆ ನೇತುಹಾಕುವುದರ ಬಗ್ಗೆ.

ರೆಲಿಕ್ ಪಕ್ಷದವರ ವಾದಗಳು ನನಗೆ ಗೊತ್ತಿವೆ. ಬಳಸಿ ನುಣುಪಾದ ಹಿಡಿಕೆ ಕೈಗೆ ಹಿತ ಎನ್ನುತ್ತಾರೆ. ಒಪ್ಪಿದೆ, ಹಿಡಿಕೆ ನುಣುಪು ಮಾಡಿ ಕೊಡಲಿ, ಬಿರುಕು ಯಾತಕ್ಕೆ? ಹೊಸದಕ್ಕೆ ಮೊದಲ ಗೀರು ಬಿದ್ದಾಗ ಎದೆ ಒಡೆಯುತ್ತದೆ, ಮೊದಲೇ ಗೀರಿದ್ದರೆ ಆ ಭಯವಿಲ್ಲ ಎನ್ನುತ್ತಾರೆ. ಇದು ನಾಲ್ಕೈದು ಸಾವಿರ ಡಾಲರಿನ ವಸ್ತು ಕೊಂಡವರ ಭಯ. ಆ ಭಯಕ್ಕೆ ಮದ್ದಾಗಿ ಇನ್ನಷ್ಟು ಡಾಲರು ಕೇಳುವ ವೈದ್ಯನನ್ನು ಮೆಚ್ಚಲೇಬೇಕು. ತೆಳು ಲ್ಯಾಕರಿನಲ್ಲಿ ಮರ ‘ಉಸಿರಾಡುತ್ತದೆ’, ನಾದ ಬಿಚ್ಚಿಕೊಳ್ಳುತ್ತದೆ ಎಂಬುದು ಮೂರನೆಯ ವಾದ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಲೋಹದ ತಂತಿಯ ಕಂಪನವನ್ನು ಹಿಡಿಯುವುದು ಪಿಕಪ್ಪಿನ ಅಯಸ್ಕಾಂತ. ಬಣ್ಣದ ಮೇಲಿನ ಗೆರೆ ಆ ಅಯಸ್ಕಾಂತಕ್ಕೆ ಕಾಣುವುದಿಲ್ಲ. ಗೆರೆ ಕಾಣುವುದು ಕೊಳ್ಳುವವನ ಕಣ್ಣಿಗೆ.

ನಾಟಕದಲ್ಲಿ ಹುಡುಗನೊಬ್ಬ ಬಿಳಿ ಗಡ್ಡ ಅಂಟಿಸಿಕೊಂಡು ಮುದುಕನಾಗುವುದಿಲ್ಲವೇ ಎಂದು ನನ್ನ ಗೆಳೆಯನೊಬ್ಬ ಕೇಳಿದ. ಆಗುತ್ತಾನೆ. ಆಟ ಮುಗಿದ ಮೇಲೆ ಗಡ್ಡ ಕಿತ್ತಿಟ್ಟು ಮನೆಗೆ ಹೋಗುತ್ತಾನೆ. ಆ ಗಡ್ಡ ತೋರಿಸಿ ವೃದ್ಧಾಪ್ಯ ವೇತನ ಕೇಳುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಪರದೇಶದ ಹುಚ್ಚು ಎಂದು ನಕ್ಕು ಬಿಡಬಹುದಿತ್ತು. ಬಿಡಲು ಆಗದ್ದಕ್ಕೆ ಕಾರಣ ಆ ವ್ಯಾಪಾರದ ಒಂದು ಕಟ್ಟಳೆ. ಹಳೆಯ ಗಿಟಾರಿಗೆ ಹೊಸದಾಗಿ ಬಣ್ಣ ಹೊಡೆಸಿದರೆ ಅದರ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಹಳೆ ಗಿಟಾರು ಮಾರುವವರ ರೂಢಿಯ ಲೆಕ್ಕ. ನೈಟ್ರೋ ಲ್ಯಾಕರ್ ತನ್ನ ದ್ರಾವಕದಲ್ಲಿ ಮತ್ತೆ ಕರಗುವ ವಸ್ತು. ಬಿರುಕನ್ನು ಮೆತ್ತಗೆ ಮಾಡಿ ಕೂಡಿಸುವ ಕೈಚಳಕ ಬಲ್ಲವರು ಇದ್ದಾರೆ. ಮಾಡಿಸುವಂತಿಲ್ಲ, ಮಾಡಿಸಿದರೆ ಬೆಲೆ ಬೀಳುತ್ತದೆ. ಅಂದರೆ ತನ್ನ ವಾದ್ಯವನ್ನು ಜೋಪಾನ ಮಾಡಿದವನಿಗೆ ದಂಡ, ಹಾಳುಬಿಟ್ಟವನಿಗೆ ಬಹುಮಾನ.

ಇದೇ ಕಟ್ಟಳೆ ಬಿಜಾಪುರ ಸೀಮೆಗೆ ಬಂದರೆ ಏನಾಗುತ್ತದೆ?

ನಮ್ಮಲ್ಲಿ ಬಿರುಕಿಗೆ ಬರವಿಲ್ಲ. ಎರೆಹೊಲದ ಸೀಮೆ ಇದು. ಡೋಣಿ ದಂಡೆಯ ಕರಿ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ, ಕಾಲು ಸಿಗುವಷ್ಟು ಅಗಲ ಬಾಯಿ ಬಿಡುತ್ತದೆ. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್ ಮೇ ತಿಂಗಳಲ್ಲಿ ಪತ್ರಾಸಿನ ಮನೆಯೊಳಗೆ ನೇತುಹಾಕಿದ ದಮಡಿಯ ಚರ್ಮವೂ ಬಿಗಿಯುತ್ತದೆ, ಪೇಟಿಯ ಪಾಲಿಶೂ ಸೀಳುತ್ತದೆ. ಪೇಟಿ ಎಂದರೆ ಹಾರ್ಮೋನಿಯಂ. ನಮ್ಮ ಕಡೆ ಮೇಳದವರು ಅದಕ್ಕೆ ಹಾಗೆಯೇ ಅನ್ನುವುದು. ಹೀಗಿರುವಾಗ ಬಿರುಕನ್ನು ಚಂದವೆಂದು ಕೊಂಡಾಡಿದ ಒಬ್ಬ ಪೇಟಿ ಮಾಸ್ತರನನ್ನೂ ನಾನು ಕಂಡಿಲ್ಲ. ಶ್ರಾವಣದ ಭಜನೆಗೆ ಮುಂಚೆ, ಊರ ಜಾತ್ರೆಗೆ ಮುಂಚೆ ಅದನ್ನು ಬಡಿಗೇರನ ಕಡೆಗೋ ಪೇಂಟರನ ಕಡೆಗೋ ಒಯ್ಯುತ್ತಾರೆ. ಹಳೆಯದನ್ನು ಉಸುಕಿನ ಕಾಗದದಿಂದ ತಿಕ್ಕಿ, ಮೇಲೆ ವಾರ್ನಿಶ್ ಎಳೆಸುತ್ತಾರೆ. ಕೆಲವರು ನೀಲಿ, ಕೆಲವರು ಬಂಗಾರದ ಬಣ್ಣದ ಆಯಿಲ್ ಪೇಂಟ್ ಬಳಿಸುತ್ತಾರೆ. ಒಂದು ಕಡೆ ಮೇಳದ ಹೆಸರು, ಇನ್ನೊಂದು ಕಡೆ ಗುರುವಿನ ಹೆಸರು, ನಡುವೆ ಒಂದು ಗುಲಾಬಿ ಹೂವು.

ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಮಿರಜಿನ ತಂಬೂರಿಯದೂ ಇದೇ ದಾರಿ. ಅಲ್ಲಿಯ ಶಿಕಲಗಾರರು ಒಂದು ಕಾಲಕ್ಕೆ ಕತ್ತಿ ಸಾಣೆ ಹಿಡಿಯುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಫರೀದಸಾಹೇಬರ ಕಾಲಕ್ಕೆ ಸಿತಾರು ತಂಬೂರಿಗಳಿಗೆ ಇಳಿದರು. 2024ರಲ್ಲಿ ಮಿರಜಿನ ಸಿತಾರಿಗೂ ತಂಬೂರಿಗೂ ಜಿಐ ಗುರುತು ಸಿಕ್ಕಿತು. ಅದಕ್ಕೆ ಬೇಕಾದ ದೊಡ್ಡ ಸೋರೆಬುರುಡೆ ಬೆಳೆಯುವುದು ಪಂಢರಪುರ, ಮಂಗಳವೇಢೆಯ ಕಡೆ, ಇಂಡಿ ಸಿಂದಗಿಗಳ ಅಂಚು ತೊಳೆಯುವ ಅದೇ ಭೀಮೆಯ ಮೇಲ್ದಂಡೆಯಲ್ಲಿ. ಈ ತಂಬೂರಿಗೆ ಕೊಡುವ ಹಳೆಯ ಪದ್ಧತಿಯ ಮೆರುಗು ಅರಗಿನದು. ಕೀಟ ಕೊಟ್ಟ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ಉಜ್ಜುವುದು. ಈ ಮೆರುಗಿನ ಗುಣ ನೋಡಿ. ಹೊಸ ಪದರ ಹಚ್ಚಿದರೆ ಅದರ ಸ್ಪಿರಿಟ್ಟು ಹಳೆಯ ಪದರವನ್ನೂ ಒಂದಿಷ್ಟು ಕರಗಿಸಿಕೊಂಡು ಎರಡೂ ಬೆರೆತು ಒಂದಾಗುತ್ತವೆ. ಕಳೆದುಹೋಗುವುದೂ ಮತ್ತೆ ಹಚ್ಚಿಸಿಕೊಳ್ಳುವುದೂ ಅದರ ಹುಟ್ಟಿನಲ್ಲೇ ಇದೆ. ಮಂಕಾದ ತಂಬೂರಿ ಮಿರಜಿಗೆ ಹೋಗಿ ಹೊಳೆಯುತ್ತ ಬಂದರೆ ಹಾಡುಗಾರನಿಗೆ ಸಂತೋಷ. ಮೂಲ ಬಣ್ಣ ಹೋಯಿತೆಂದು ಯಾರೂ ಎದೆ ಬಡಿದುಕೊಳ್ಳುವುದಿಲ್ಲ.

ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಎರಡು ವರ್ಷಗಳಿಂದ ಹೋಗಿ ಕೂರುವ ಮೇಳವೊಂದಿದೆ. ಏಳು ಜನ. ತತ್ವಪದ ಹಾಡುತ್ತಾರೆ. ಪೇಟಿ ನುಡಿಸುವ ಮುತ್ಯಾಗೆ ಎಪ್ಪತ್ತು ದಾಟಿದೆ. ಹೋದ ವರ್ಷ ನಾನು ಹೋದಾಗ ಪೇಟಿಗೆ ಹೊಸ ನೀಲಿ ಬಣ್ಣ ಬಂದಿತ್ತು. ನನ್ನ ಜೊತೆ ಬಂದಿದ್ದ ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕನಿಗೆ ಸಂಕಟವಾಯಿತು. “ಅಯ್ಯೋ, ಹಳೇದು ಎಷ್ಟು ಚೆನ್ನಾಗಿತ್ತು, ಯಾಕೆ ಬಳಿಸಿದ್ರಿ?” ಎಂದ. ಮುತ್ಯಾ ಅವನಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದರು.

“ಯವ್ವಾ, ಮದಿವಿಗಿ ಹೋಗೂ ಮುಂದ ನೀ ಹರಕ ಸೀರಿ ಉಟಗೊಂಡು ಹೊಕ್ಕೀಯೇನು?”

“ಇಲ್ಲ ಮುತ್ಯಾ.”

“ಮತ್ತ ಇದೂ ಮಂದ್ಯಾಗ ಕುಂಡ್ರೂದೈತೆಲ್ಲ.”

ಇದಕ್ಕಿಂತ ಹೆಚ್ಚಿನ ಸೌಂದರ್ಯಶಾಸ್ತ್ರ ಈ ವಿಷಯಕ್ಕೆ ಬೇಕಾಗಿಲ್ಲ ಅಂತ ನನಗನ್ನಿಸುತ್ತದೆ. ಆದರೆ ಶಾಸ್ತ್ರ ಬರೆಯುವವರು ಬೇರೆಯವರು. ಅದೇ ಮೇಳಕ್ಕೆ ದೊಡ್ಡ ನಗರವೊಂದರ ಜಾನಪದ ಉತ್ಸವದಿಂದ ಕರೆ ಬಂತು. ಮೊದಲು ಫೋಟೋ ಕಳಿಸಿ ಎಂದರು. ನಾನೇ ತೆಗೆದು ಕಳಿಸಿದೆ. ಮಾರನೆಯ ದಿನ ಸಂಘಟಕರ ಫೋನು. ಹಾಡು ತುಂಬ ಚೆನ್ನಾಗಿದೆಯಂತೆ, ಆದರೆ ಹಾರ್ಮೋನಿಯಂ ‘ತೀರ ಮಾಡರ್ನ್’ ಆಗಿ ಕಾಣುತ್ತದಂತೆ, ವೇದಿಕೆಯ ಒಟ್ಟು ವಿನ್ಯಾಸಕ್ಕೆ ಹೊಂದುವುದಿಲ್ಲವಂತೆ. ಹಳೆಯದೊಂದು ಇದ್ದರೆ ತರಬಹುದೇ? ಟೆರಿಕಾಟ್ ಅಂಗಿ ಬೇಡ, ಧೋತರ ರುಮಾಲು ಇರಲಿ. ಹಳೆಯದು ಇರಲಿಲ್ಲ, ಇದ್ದ ಹಳೆಯದಕ್ಕೇ ಬಣ್ಣ ಬಳಿದಿತ್ತಲ್ಲ. ಕಾರ್ಯಕ್ರಮ ತಪ್ಪಿತು. ಹೋಗಿ ಬರುವ ಖರ್ಚು ಕಳೆದರೆ ತಲೆಗೆ ಸಾವಿರ ರೂಪಾಯಿ ಬರುತ್ತಿತ್ತು. ತೊಗರಿ ಕೈಕೊಟ್ಟ ವರ್ಷ ಅದು. ಸಾವಿರ ರೂಪಾಯಿ ಎಂದರೆ ನಾಲ್ಕು ದಿನದ ಕೂಲಿಯ ಹತ್ತಿರ ಹತ್ತಿರ.

ಅಲ್ಲಿ ಹಳೆ ಗಿಟಾರಿನ ಯಜಮಾನನಿಗೆ ಬಣ್ಣ ಬಳಿಸಿದ್ದಕ್ಕೆ ದಂಡ, ಇಲ್ಲಿ ಪೇಟಿ ಮುತ್ಯಾಗೂ ಬಣ್ಣ ಬಳಿಸಿದ್ದಕ್ಕೆ ದಂಡ. ಕೇಳುವವನಿಗೆ ‘ಅಸಲಿ’ ಎಂಬ ಭಾವನೆ ಬರಬೇಕು, ಅದರ ವೆಚ್ಚ ನುಡಿಸುವವನು ಭರಿಸಬೇಕು. ಹಾರ್ಮೋನಿಯಂ ಮಟ್ಟಿಗೆ ಈ ಅನ್ಯಾಯಕ್ಕೆ ಹಳೆಯ ಚರಿತ್ರೆಯಿದೆ. 1940ರಲ್ಲಿ ಆಕಾಶವಾಣಿ ಅದನ್ನು ನಮ್ಮ ಸಂಗೀತಕ್ಕೆ ಸಲ್ಲದ ವಾದ್ಯವೆಂದು ಹೊರಗಿಟ್ಟಿತು, ಮತ್ತೆ ಬಾಗಿಲು ತೆರೆಯಲು 1971 ಬರಬೇಕಾಯಿತು. ಆ ಮೂವತ್ತು ವರ್ಷ ನಮ್ಮ ಹಳ್ಳಿಗಳ ಗುಡಿ ಮಠಗಳಲ್ಲಿ ಪೇಟಿ ಏನೂ ನಿಲ್ಲಲಿಲ್ಲ. ಆಗ ಪೇಟಿ ಪರದೇಶಿ ಎಂದು ತಳ್ಳಿದರು. ಈಗ ಪೇಟಿ ಒಪ್ಪಿಗೆ, ಆದರೆ ಮುರುಕಲು ಇರಬೇಕು.

ಬಾಗಿಲುಗಳದೂ ಇದೇ ಕತೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು ಹಳೆಯ ಬಸವನ ಬಾಗೇವಾಡಿ ತಾಲೂಕಿನಲ್ಲೇ ಇದೆ. ನೀರು 519.6 ಮೀಟರಿಗೆ ನಿಂತಾಗ ಹಳೆಯ ಕೊಲ್ಹಾರದಂಥ ಊರುಗಳು ಮುಳುಗಿದವು. ಮುಳುಗುವ ಮುಂಚೆ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿದರು. ಕೆಲವರು ತೊಲೆ, ಕಂಬ, ಬಾಗಿಲು ಹೊಸ ಊರಿಗೆ ಹೊತ್ತರು, ಕೆಲವರು ಸಿಕ್ಕ ಬೆಲೆಗೆ ಮಾರಿದರು. ಇವತ್ತು ಬೆಂಗಳೂರಿನ ಹೋಟೆಲು, ರೆಸಾರ್ಟುಗಳಲ್ಲಿ ‘ಉತ್ತರ ಕರ್ನಾಟಕದ ವಾಡೆಯ ಬಾಗಿಲು’ ಎಂಬುದೊಂದು ಅಲಂಕಾರ. ಹಳೆಯದು ಸಾಲದೆ ಹೊಸ ಮರವನ್ನೇ ಸರಪಳಿಯಿಂದ ಹೊಡೆದು, ಬಣ್ಣದ ಮೇಲೆ ಬಣ್ಣ ಬಳಿದು ಕೆರೆದು, ಬಿರುಕು ಬರಿಸುವ ಲೇಪ ಹಚ್ಚಿ ‘ಆ್ಯಂಟಿಕ್ ಫಿನಿಶ್’ ಎಂದು ಮಾರುತ್ತಾರೆ. ಮುಳುಗಿದ ಊರಿನವರು ತಮ್ಮ ಆರ್‌ಸಿ ಮನೆಗೆ ಹೊಚ್ಚ ಹೊಸ ತೇಗದ ಬಾಗಿಲು ಹಾಕಿಸಿ ಪಾಲಿಶ್ ಹೊಡೆಸಿದರೆ, ‘ಸಂಸ್ಕೃತಿ ಹಾಳಾಯಿತು’ ಎಂದು ಮರುಗುವವರು ಆ ರೆಸಾರ್ಟಿನಲ್ಲಿ ಕೂತವರೇ. ಅಣೆಕಟ್ಟಿನ ಎತ್ತರ 524.256 ಮೀಟರಿಗೆ ಏರಿಸುವ ಮಾತು ಇನ್ನೂ ಬಾಕಿಯಿದೆ. ಏರಿದರೆ ಇನ್ನಷ್ಟು ಬಾಗಿಲು ಮಾರುಕಟ್ಟೆಗೆ ಬರುತ್ತವೆ.

ಬೀಸುಕಲ್ಲಿನ ಮಾತು ಹೇಳದೆ ನನಗೆ ಸಮಾಧಾನವಾಗುವುದಿಲ್ಲ. ಬೀಸಿ ಬೀಸಿ ಕಲ್ಲು ನುಣುಪಾದರೆ ಹಿಟ್ಟು ಬೀಳುವುದಿಲ್ಲ. ಆಗ ಓಣಿಯಲ್ಲಿ ಕೂಗುತ್ತ ಬರುವ ಕಲ್ಲು ಕೆಲಸದವರನ್ನು ಕರೆದು ಉಳಿಯಿಂದ ಕಲ್ಲಿನ ಮುಖಕ್ಕೆ ಕಚ್ಚು ಹಾಕಿಸುತ್ತಿದ್ದರು. ಇದೂ ಬೇಕಂತಲೇ ಮಾಡಿಸಿದ ಗಾಯ. ಆದರೆ ಸವೆದದ್ದನ್ನು ಮತ್ತೆ ಕೆಲಸಕ್ಕೆ ಹಚ್ಚಲು ಮಾಡಿಸಿದ್ದು. ಹಲಸಂಗಿಯ ಗೆಳೆಯರು ಇಂಡಿ ಸೀಮೆಯಲ್ಲಿ ಕೂತು ಹೆಣ್ಣುಮಕ್ಕಳ ಹಾಡು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದಾಗ ಇಂಥ ಕಲ್ಲುಗಳು ಮನೆಮನೆಯಲ್ಲಿ ತಿರುಗುತ್ತಿದ್ದವು. ಆ ಪುಸ್ತಕದಿಂದ ನಮಗೆ ದಕ್ಕಿದ್ದು ಹಾಡು. ಇವತ್ತಿನ ಜಾನಪದ ಸಂಶೋಧನೆಯ ಎಷ್ಟೋ ಪುಸ್ತಕಗಳ ಮುಖಪುಟದ ಮೇಲೆ ಇರುವುದು ಸುಕ್ಕುಗಟ್ಟಿದ ಕೈ, ಬಿರಿದ ದಮಡಿ, ಕಪ್ಪು ಬಿಳುಪು ಫೋಟೋ. ಒಳಗೆ ಹಾಡಿದವರ ಹೆಸರು ಹುಡುಕಿದರೆ ಅನುಬಂಧದಲ್ಲಿ ಸಣ್ಣ ಅಕ್ಷರ.

ಹಾಗಾದರೆ ಹಳೆಯ ವಾದ್ಯಗಳನ್ನೆಲ್ಲ ತಿಕ್ಕಿ ಬಣ್ಣ ಹೊಡೆದುಬಿಡೋಣವೇ ಎಂದು ನನ್ನ ಮಾರ್ಗದರ್ಶಕರೇ ಕೇಳಿದರು. ಇಲ್ಲ. ಯಾರದೋ ಮನೆಯ ಅಟ್ಟದ ಮೇಲೆ ನುಡಿಸುವವರಿಲ್ಲದೆ ಕೂತ ತಂಬೂರಿಯ ಅರಗು ಬಿರಿದಿದ್ದರೆ ಅದು ಹಾಗೇ ಸಂಗ್ರಹಾಲಯಕ್ಕೆ ಹೋಗಲಿ. ಅದರ ಮೆರುಗಿನಲ್ಲಿ ಮಾಡಿದವನ ಪಾಠವಿದೆ, ತಿಕ್ಕಿದರೆ ಹೋಗುತ್ತದೆ. ಅದು ಆ ವಸ್ತುವಿನ ಕೆಲಸ ಮುಗಿದ ಮೇಲಿನ ಮಾತು. ಕೆಲಸದಲ್ಲಿರುವ ವಾದ್ಯದ ಮೇಲೆ ನುಡಿಸುವವನ ಹಕ್ಕೇ ಮೊದಲು. ಅವನಿಗೆ ಗುಲಾಬಿ ಹೂವು ಬೇಕಿದ್ದರೆ ಗುಲಾಬಿ ಹೂವು. ಸಂಶೋಧಕರು ಮಾಡಬೇಕಾದ್ದು ಆ ಬಣ್ಣ ಯಾವ ವರ್ಷ ಬಂತು, ಯಾರು ಬಳಿದರು, ಎಷ್ಟು ಕೊಟ್ಟರು ಎಂದು ಬರೆದುಕೊಳ್ಳುವುದು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಈಗ ಅದಕ್ಕೊಂದು ಕಾಲಂ ಇದೆ. ನೀಲಿ ಎನಾಮಲ್, ಒಂದು ಡಬ್ಬಿ, ಪೇಂಟರ್ ಊರಿನವನೇ, ಕೂಲಿ ತೆಗೆದುಕೊಂಡಿಲ್ಲ.

ಸಿಂದಗಿಯ ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಗಿಟಾರು ಹಿಡಿಯುವ ಹುಡುಗನೊಬ್ಬನಿಗೆ ನಾನು ಫೋನಿನಲ್ಲಿ ರೆಲಿಕ್ ಗಿಟಾರಿನ ಚಿತ್ರ ತೋರಿಸಿದೆ. ಅವನದು ಎರಡನೆಯ ಕೈಯ ಕಪ್ಪು ಗಿಟಾರು, ಗೀರು ಬಿದ್ದ ಕಡೆಯೆಲ್ಲ ಸ್ಟಿಕರ್ ಅಂಟಿಸಿ ಮುಚ್ಚಿದ್ದಾನೆ. ಬೆಲೆ ಕೇಳಿದ, ಹೇಳಿದೆ. “ಅಕ್ಕಾರ, ಅಷ್ಟ ರೊಕ್ಕ ಕೊಟ್ರ ನಮ್ಮವ್ವನ ಕೈಯಾಗ ಕೊಟ್ಟು ಇನ್ನೂ ಚಂದ ಹಾಳ ಮಾಡ್ಸಿ ಕೊಡ್ತೀನ್ರಿ” ಎಂದು ನಕ್ಕ.

ಮುದ್ದೇಬಿಹಾಳದ ಆ ಮೇಳ ಈ ವರ್ಷ ಮತ್ತೊಂದು ಉತ್ಸವಕ್ಕೆ ಆಯ್ಕೆಯಾಯಿತು. ಮಠವೊಂದರ ಉಗ್ರಾಣದಲ್ಲಿ ಬಿದ್ದಿದ್ದ ಪೇಟಿಯೊಂದನ್ನು ಅವರು ಕೇಳಿ ತಂದಿದ್ದಾರೆ. ತಿದಿ ಹರಿದಿದೆ, ಅರ್ಧ ರೀಡುಗಳಿಲ್ಲ, ಮೈಯೆಲ್ಲ ಬಿರುಕು. ವೇದಿಕೆಯ ಮೇಲೆ ಅದು ಮುಂದೆ ಕೂರುತ್ತದೆ. ನೀಲಿ ಪೇಟಿ ಹಿಂದೆ, ಕಂಬಳಿ ಹೊದ್ದು ಮುತ್ಯಾನ ಕೈಯಲ್ಲಿ ನುಡಿಯುತ್ತದೆ. ಮುಂದಿನದಕ್ಕೆ ಮೇಳದವರು ‘ಫೋಟೋದ ಪೇಟಿ’ ಎಂದು ಹೆಸರಿಟ್ಟಿದ್ದಾರೆ. ಸುತ್ತಲಿನ ಎರಡು ಮೇಳದವರು ಅದನ್ನು ಬಾಡಿಗೆಗೆ ಕೇಳಿದ್ದಾರಂತೆ. ದಿನಕ್ಕೆ ಎಷ್ಟು ಹಚ್ಚಬೇಕು ಎಂದು ಮುತ್ಯಾ ಹೋದ ವಾರ ನನ್ನನ್ನು ಕೇಳಿದರು.